ಏಳು ಗಂಟೆಗೆ ಮನೆ ಸೇರಿದ ಮೇಲೆ ಅಡುಗೆ: ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಏಳರ ಗಾಡಿ · ಶನಿವಾರ ರಾತ್ರಿ 9:50

ನಮ್ಮಿಬ್ಬರಿಗೂ ಹೊರಗಿನ ಕೆಲಸ. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ಮನೆಗೆ ಬಂದು ಚಪ್ಪಲಿ ಬಿಡೋಷ್ಟರಲ್ಲಿ ಏಳು. ಎಂಟೂವರೆಗೆ ಚಿಕ್ಕವನು ಕೂತಲ್ಲೇ ತೂಕಡಿಸ್ತಾನೆ. ನಡುವಿನ ಒಂದೂವರೆ ಗಂಟೆಯಲ್ಲಿ ಸ್ನಾನ, ಹೋಂವರ್ಕ್, ಅಡುಗೆ, ಊಟ ಎಲ್ಲ ಮುಗೀಬೇಕು.

ಅಡುಗೆ ಬರಲ್ಲ ಅಂತೇನಿಲ್ಲ. ಆದರೆ ಫ್ರಿಜ್ ಬಾಗಿಲು ತೆಗೆದು ನಿಂತರೆ ತಲೆಗೆ ಏನೂ ಹೊಳೆಯೋದಿಲ್ಲ. ಸ್ವಲ್ಪ ಹೊತ್ತು ತಣ್ಣನೆ ಗಾಳಿ ತಗೊಂಡು, ಬಾಗಿಲು ಮುಚ್ಚಿ, ಫೋನ್ ಎತ್ತಿಕೊಳ್ತೀವಿ. ವಾರದಲ್ಲಿ ನಾಲ್ಕು ದಿನ ಹೊರಗಿಂದ ತರಿಸಿದ ಊಟವೇ. ಹೊಟ್ಟೆ ತುಂಬುತ್ತೆ, ಮನಸ್ಸಿಗೆ ಮಾತ್ರ ಚುಚ್ಚುತ್ತೆ.

ಒಂದು ವಿನಂತಿ. "ಹದಿನೈದೇ ನಿಮಿಷದ ಅಡುಗೆ" ವಿಡಿಯೋಗಳ ಲಿಂಕ್ ಹಾಕಬೇಡಿ. ಅದರಲ್ಲಿ ಈರುಳ್ಳಿ ಮೊದಲೇ ಹೆಚ್ಚಿಟ್ಟಿರುತ್ತೆ, ಕಾಳು ಬೆಂದಿರುತ್ತೆ, ಪಾತ್ರೆ ಯಾರೋ ತೊಳೀತಾರೆ.

ಸೌಟು ಹಿಡಿದವ · ಶನಿವಾರ ರಾತ್ರಿ 10:15

ಅಕ್ಕ, ಉತ್ತರ ನೀವೇ ಬರೆದಿದ್ದೀರಿ. ಈರುಳ್ಳಿ ಹೆಚ್ಚಿಟ್ಟಿರುತ್ತೆ, ಕಾಳು ಬೆಂದಿರುತ್ತೆ. ನಿಮ್ಮ ಫ್ರಿಜ್‌ನಲ್ಲೂ ಹಾಗೇ ಇದ್ದರೆ ಆ ಹದಿನೈದು ನಿಮಿಷ ಸುಳ್ಳಾಗಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಹೇಳ್ತೀನಿ. ಮೊದಲು ಭಾನುವಾರ ಪೂರ್ತಿ ನಿಂತು ಐದು ದಿನದ ಐದು ಅಡುಗೆ ಮಾಡಿ ಡಬ್ಬಗಳಿಗೆ ತುಂಬ್ತಿದ್ದೆ. ಮಂಗಳವಾರದ ಹೊತ್ತಿಗೆ ಯಾರಿಗೂ ಆ ಡಬ್ಬ ನೋಡೋಕೂ ಮನಸ್ಸಿಲ್ಲ. ರಜೆಯೂ ಹೋಯ್ತು, ಅಡುಗೆಯೂ ಹೋಯ್ತು. ಈಗ ಅಡುಗೆ ಮಾಡಿಡಲ್ಲ, ಅಡುಗೆಗೆ ಬೇಕಾದ್ದನ್ನ ಮಾಡಿಡ್ತೀನಿ. ಒಂದು ಬಗೆ ಕಾಳು ಬೇಯಿಸಿಡೋದು, ಅನ್ನ ಮಾಡಿಡೋದು, ಗಟ್ಟಿ ತರಕಾರಿ ಎರಡು ಬಗೆ ಹೆಚ್ಚಿಡೋದು, ಈರುಳ್ಳಿ-ಬೆಳ್ಳುಳ್ಳಿ-ಟೊಮೆಟೊ ಹುರಿದು ಗಟ್ಟಿ ಗೊಜ್ಜಿನ ಹಾಗೆ ಒಂದು ಸೀಸೆ. ಒಂದು ಗಂಟೆಯ ಕೆಲಸ, ಅದರಲ್ಲಿ ಅರ್ಧ ಕುಕ್ಕರ್ ನೋಡಿಕೊಳ್ಳುತ್ತೆ.

ಆಮೇಲೆ ಅದೇ ಕಡಲೆಕಾಳು ಸೋಮವಾರ ಗೊಜ್ಜಿನ ಜೊತೆ ಕುದಿಯುತ್ತೆ, ಮಂಗಳವಾರ ಸೌತೆಕಾಯಿ-ನಿಂಬೆರಸದ ಜೊತೆ ತಣ್ಣಗೆ ತಟ್ಟೆಗೆ ಬರುತ್ತೆ, ಬುಧವಾರ ಸೊಪ್ಪಿನ ಜೊತೆ ಬಾಣಲೆಗೆ ಹೋಗುತ್ತೆ. ಮಕ್ಕಳಿಗೆ ಮೂರು ಬೇರೆ ಊಟ, ನನಗೆ ಒಂದೇ ಕುಕ್ಕರ್.

ಏಳರ ಗಾಡಿ · ಶನಿವಾರ ರಾತ್ರಿ 10:21

ಅಕ್ಕ ಅಲ್ಲ, ಅಣ್ಣ 🙂 ಅಡುಗೆ ಪ್ರಶ್ನೆ ಕೇಳಿದ ತಕ್ಷಣ ಅಕ್ಕ ಆಗಿಬಿಟ್ಟೆ.

ಸೌಟು ಹಿಡಿದವ · ಶನಿವಾರ ರಾತ್ರಿ 10:24

ತಪ್ಪಾಯ್ತು ಅಣ್ಣ. ನಾನೂ ಗಂಡಸೇ, ನನಗೆ ಈ ಬುದ್ಧಿ ಮೊದಲೇ ಇರಬೇಕಿತ್ತು.

ಹಳೇ ತಲೆ · ಭಾನುವಾರ ಬೆಳಗ್ಗೆ 6:05

ಬೇಜಾರು ಮಾಡ್ಕೋಬೇಡಿ. ನಾಲ್ಕು ದಿನದ ತಂಗಳನ್ನ ಡಬ್ಬದಿಂದ ತೆಗೆದು ಮಕ್ಕಳಿಗೆ ಕೊಟ್ಟು "ಪೌಷ್ಟಿಕ" ಅಂದರೆ ನನಗಂತೂ ಒಪ್ಪಿಗೆಯಿಲ್ಲ. ಬಿಸಿಬಿಸಿ ಮಾಡಿದ್ದು ಬಿಸಿಬಿಸಿ ತಿನ್ನಬೇಕು. ನಾವೂ ದುಡಿದೆವು, ಮಕ್ಕಳನ್ನೂ ಬೆಳೆಸಿದೆವು.

ರಾತ್ರಿಪಾಳಿ · ಭಾನುವಾರ ಬೆಳಗ್ಗೆ 7:30

ಹಿರಿಯರೇ, ಬಿಸಿಬಿಸಿ ಮಾಡಿ ಹಾಕಿದ್ದು ಯಾರು ಅಂತ ಒಂಚೂರು ನೆನಪು ಮಾಡಿಕೊಳ್ಳಿ.

ಥರ್ಮಾಮೀಟರ್ · ಭಾನುವಾರ ಬೆಳಗ್ಗೆ 9:10

ಜಗಳ ಬೆಳೆಯೋ ಮೊದಲು ನಾನು ಮಧ್ಯೆ ಬರ್ತೀನಿ. ಹಲವು ವರ್ಷ ದೊಡ್ಡ ಅಡುಗೆಮನೆಗಳಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳೋ ಕೆಲಸ ಮಾಡಿದ್ದೀನಿ. ಹಳೇ ತಲೆಯವರ ಭಯ ಪೂರ್ತಿ ತಪ್ಪಲ್ಲ, ಸೌಟಿನವರ ಪದ್ಧತಿ ಪೂರ್ತಿ ಸರಿಯೂ ಅಲ್ಲ.

ಬೆಂದ ಆಹಾರ ಕೆಡೋದು ಅದು ಎಷ್ಟು ಹೊತ್ತು ಬೆಚ್ಚಗೆ ಕೂತಿತ್ತು ಅನ್ನೋದರಿಂದ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಾಗಾಗಿ ಮಾಡಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ದೊಡ್ಡ ಪಾತ್ರೆಯನ್ನ ಹಾಗೇ ಒಳಗಿಟ್ಟರೆ ನಡುಭಾಗ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತೆ, ಅದಕ್ಕೆ ಅಗಲವಾದ, ಆಳ ಕಡಿಮೆ ಇರೋ ಡಬ್ಬಗಳಿಗೆ ಹರಡಿ ಇಡಿ. ಹೀಗಿಟ್ಟ ಬೆಂದ ಕಾಳು, ಬೇಳೆ, ತರಕಾರಿ ಮೂರು-ನಾಲ್ಕು ದಿನಕ್ಕೆ ಏನೂ ತೊಂದರೆಯಿಲ್ಲ. ತಿನ್ನುವಾಗ ಒಳಗೂ ಹಬೆಯಾಡೋ ಹಾಗೆ, ಅಂದರೆ 74 ಡಿಗ್ರಿ ಮುಟ್ಟೋ ಹಾಗೆ ಕಾಯಿಸಿ. ಬೇಕಾದಷ್ಟನ್ನೇ ತೆಗೆದು ಕಾಯಿಸಿ, ಇಡೀ ಡಬ್ಬ ಕಾಯಿಸಿ ಮತ್ತೆ ಒಳಗಿಡಬೇಡಿ.

ಇನ್ನು ಸೌಟಿನವರಿಗೆ ಒಂದು ಮಾತು: ಅನ್ನದ ಲೆಕ್ಕ ಬೇರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯೋದಿಲ್ಲ. ಹೊರಗೆ ಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗೋದಿಲ್ಲ. ಅನ್ನ ಉಳಿದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗಿಡಿ, ಮರುದಿನವೇ ಮುಗಿಸಿ, ಒಂದೇ ಸಲ ಕಾಯಿಸಿ. ವಾರಕ್ಕಾಗೋಷ್ಟು ಅನ್ನ ಮಾಡಿಡೋದು ಬೇಡವೇ ಬೇಡ.

ಸೌಟು ಹಿಡಿದವ · ಭಾನುವಾರ ಬೆಳಗ್ಗೆ 9:40

ನಾನು ಅನ್ನ ನಾಲ್ಕು ದಿನ ಇಡ್ತಿದ್ದೆ. ಏನೂ ಆಗಿಲ್ಲ ಅನ್ನೋದು ಅದೃಷ್ಟ ಅಂತ ಈಗ ಗೊತ್ತಾಯ್ತು. ಯೋಚಿಸಿದರೆ ಅನ್ನಕ್ಕೆ ನಮ್ಮ ಕೈಕೆಲಸ ಇರೋದೇ ಎರಡು ನಿಮಿಷ. ತೊಳೆದಿಟ್ಟರೆ ಅದರ ಪಾಡಿಗೆ ಅದು ಬೇಯುತ್ತೆ. ಪಟ್ಟಿಯಿಂದ ಅನ್ನ ತೆಗೆದೆ.

ಹಳೇ ತಲೆ · ಭಾನುವಾರ ಬೆಳಗ್ಗೆ 10:00

ತಂಗಳನ್ನದ ವಿಷಯದಲ್ಲಿ ನನ್ನ ಮಾತೇ ಗೆದ್ದಿತಲ್ಲ. ಇನ್ನು ನಾನು ಮಾತಾಡಲ್ಲ.

(ರಾತ್ರಿಪಾಳಿ, ನಿಮ್ಮ ಮಾತು ತಾಗಿತು. ಹೌದು, ಅವಳೇ ಮಾಡ್ತಿದ್ದಳು.)

ಬೇಯದ ಕಡಲೆ · ಭಾನುವಾರ ಮಧ್ಯಾಹ್ನ 2:30

ನನ್ನದು ಚಿಕ್ಕ ಸಮಸ್ಯೆ. ಕಾಬೂಲಿ ಕಡಲೆ ರಾತ್ರಿಯಿಡೀ ನೆನೆಸ್ತೀನಿ, ಟೊಮೆಟೊ ಎಲ್ಲ ಹಾಕಿ ಕುಕ್ಕರ್ ಇಡ್ತೀನಿ, ಆರು ಕೂಗು ಕೂಗಿಸಿದರೂ ಗೋಲಿ ಥರ ಇರುತ್ತೆ. ಇದರಿಂದಲೇ ಕಾಳು ಬೇಯಿಸೋದು ಬಿಟ್ಟು ಡಬ್ಬದ ಕಾಳು ತರ್ತಿದ್ದೀನಿ.

ಕುಕ್ಕರ್ ಮೇಷ್ಟ್ರು · ಭಾನುವಾರ ಸಂಜೆ 4:10

ಟೊಮೆಟೊ ಎಲ್ಲ ಹಾಕಿ ಅಂದ್ರಲ್ಲ, ಕಳ್ಳ ಅಲ್ಲೇ ಸಿಕ್ಕಿಬಿದ್ದ. ಹುಳಿ ಇರೋ ಕಡೆ ಕಾಳಿನ ಗೋಡೆ ಕರಗೋದಿಲ್ಲ. ಕಾಳಿನ ಕೋಶಗಳನ್ನ ಅಂಟಿನ ಹಾಗೆ ಹಿಡಿದಿಟ್ಟಿರೋದು ಪೆಕ್ಟಿನ್. ಆಮ್ಲ ಇದ್ದರೆ ಅದು ಬಿಡೋದು ನಿಧಾನ, ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಇನ್ನೂ ಗಟ್ಟಿ. ಟೊಮೆಟೊ, ಹುಣಸೆ, ನಿಂಬೆ ಏನೇ ಇರಲಿ, ಕಾಳು ಬೆಂದ ಮೇಲೆ ಹಾಕಿ. ನಿಮ್ಮ ಮನೆಗೆ ಬರೋದು ಗಡಸು ನೀರಾದರೆ ಕುಡಿಯೋ ಫಿಲ್ಟರ್ ನೀರಲ್ಲಿ ನೆನೆಸಿ ನೋಡಿ.

ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತೆ ಅಂತ ನಂಬಿದವರು ಬಹಳ ಜನ. ನಿಜಕ್ಕೂ ಉಲ್ಟಾ. ನೆನೆಸೋ ನೀರಿಗೇ ಒಂದಿಷ್ಟು ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತೆ. ಅಡುಗೆ ಸೋಡಾ ಚಿಟಿಕೆ ಹಾಕಿದರೂ ಬೇಗ ಬೇಯುತ್ತೆ, ಆದರೆ ಬಿ1 ಜೀವಸತ್ವ ಹಾಳಾಗುತ್ತೆ, ಬಾಯಿಗೆ ಸೋಪಿನ ರುಚಿಯೂ ಬರಬಹುದು, ಅದಕ್ಕೆ ನಾನು ಹಾಕಲ್ಲ. ಇಷ್ಟೆಲ್ಲ ಮಾಡಿಯೂ ಬೇಯದಿದ್ದರೆ ಕಾಳು ಹಳೇದು. ವರ್ಷಗಟ್ಟಲೆ ಬೆಚ್ಚಗೆ ಕೂತ ಕಾಳು ಯಾರ ಮಾತೂ ಕೇಳಲ್ಲ.

ಕುಕ್ಕರನ್ನ ಕಾಳಿಗಾದರೆ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ನೊರೆ ಉಕ್ಕಿ ತೂತು ಕಟ್ಟಿಕೊಂಡರೆ ಅಪಾಯ. ಅರ್ಧ ಚಮಚ ಎಣ್ಣೆ ಹಾಕಿದರೆ ನೊರೆ ಅಡಗುತ್ತೆ. ಸಾಮಾನ್ಯ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟಲ್ಲ, ಕುಕ್ಕರ್ ಒಳಗೆ ಒತ್ತಡದಿಂದ ಸುಮಾರು 120ರವರೆಗೆ ಹೋಗುತ್ತೆ. ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯೋದು ಆ ಇಪ್ಪತ್ತು ಡಿಗ್ರಿಯಿಂದ. 1679ರಲ್ಲೇ ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಎಲುಬೂ ಮೆತ್ತಗಾಗೋ ಇಂಥ ಹಂಡೆ ಮಾಡಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ್ದ. ಸುರಕ್ಷತಾ ಕವಾಟದ ಉಪಾಯವೂ ಅವನದೇ. ನಮ್ಮ ಸೀಟಿಯ ಮುತ್ತಜ್ಜ ಅನ್ನಬಹುದು. ವಿಷಯ ಬಿಟ್ಟು ಹೋದೆ, ಮೇಷ್ಟ್ರ ಚಾಳಿ.

ಡಬ್ಬದ ಕಾಳಿನಲ್ಲೂ ತಪ್ಪೇನಿಲ್ಲ. ಆ ನೀರು ಬಸಿದು, ಒಮ್ಮೆ ತೊಳೆದು ಹಾಕಿ, ಉಪ್ಪು ಎಷ್ಟೋ ಕಡಿಮೆಯಾಗುತ್ತೆ.

ಥರ್ಮಾಮೀಟರ್ · ಭಾನುವಾರ ಸಂಜೆ 4:45

ಕಾಳಿನ ಮಾತು ಬಂತಲ್ಲ, ರಾಜ್ಮಾ ಬೇಯಿಸೋರು ಇದನ್ನ ಓದಿಯೇ ಮುಂದೆ ಹೋಗಿ. ಕೆಂಪು ರಾಜ್ಮಾ ಹಸಿಯಾಗಿದ್ದಾಗ ಅದರಲ್ಲಿ ಲೆಕ್ಟಿನ್ ಅನ್ನೋ ವಿಷಾಂಶ ಜಾಸ್ತಿ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಬೇಕು. ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿದರೆ ತೊಂದರೆಯಿಲ್ಲ. ಸಣ್ಣ ಉರಿಯಲ್ಲಿ ದಿನವಿಡೀ ಬೇಯೋ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ಹಾಕಬೇಡಿ. ಆ ಬಿಸಿ ಲೆಕ್ಟಿನ್ನನ್ನ ಕೊಲ್ಲೋಕೆ ಸಾಲದು.

ಏಳರ ಗಾಡಿ · ಭಾನುವಾರ ರಾತ್ರಿ 8:00

ಇವತ್ತು ಅರ್ಧ ಕಿಲೋ ಕಡಲೆ ಬೇಯಿಸಿದೆ. ಬೆಂದ ಮೇಲೆ ಒಂದು ಕಿಲೋಗೂ ಮೇಲಾಯ್ತು! ಇಷ್ಟೊಂದು ಏನು ಮಾಡೋದು?

ಇನ್ನೊಂದು ಪ್ರಶ್ನೆ. ಬೇಳೆ, ಕಾಳು, ಅನ್ನ, ಮೊಟ್ಟೆ ಇಷ್ಟರಲ್ಲೇ ದಿನ ಕಳೆದರೆ ಪೌಷ್ಟಿಕತೆ ಸಾಕಾಗುತ್ತಾ? ಬೆಳೆಯೋ ಮಕ್ಕಳು.

ತಟ್ಟೆ ಲೆಕ್ಕ · ಭಾನುವಾರ ರಾತ್ರಿ 9:25

ಅರ್ಧ ಫ್ರೀಜರ್‌ಗೆ ಹಾಕಿ, ಒಂದೊಂದು ಊಟಕ್ಕಾಗೋಷ್ಟು ಬೇರೆ ಬೇರೆ ಡಬ್ಬದಲ್ಲಿ. ಮೈನಸ್ 18 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕೆಡಲ್ಲ. ನಾಳೆ ಬೇಕಾದ್ದನ್ನ ಇವತ್ತು ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ.

ಎರಡನೇ ಪ್ರಶ್ನೆಗೆ: ಸಾಕಾಗುತ್ತೆ, ತರಕಾರಿ ಹಣ್ಣು ಜೊತೆಗಿದ್ದರೆ. ಪ್ರೋಟೀನ್ ವಿಷಯದಲ್ಲಿ ಜನ ಸುಮ್ಮನೆ ಗಾಬರಿ ಆಗ್ತಾರೆ. ಬೆಂದ ಬೇಳೆ 100 ಗ್ರಾಂನಲ್ಲಿ 9 ಗ್ರಾಂ ಹತ್ತಿರ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಪ್ರೋಟೀನ್ ಕಟ್ಟೋ ಇಟ್ಟಿಗೆಗಳಲ್ಲಿ ಲೈಸಿನ್ ಅನ್ನೋದು ಧಾನ್ಯದಲ್ಲಿ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಮೆಥಿಯೊನಿನ್ ಅನ್ನೋ ಇನ್ನೊಂದು ಇಟ್ಟಿಗೆ ಕಾಳಿನಲ್ಲಿ ಕಡಿಮೆ, ಅದನ್ನ ಧಾನ್ಯ ತುಂಬುತ್ತೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಂತಿಲ್ಲ, ಒಂದೇ ದಿನದಲ್ಲಿ ಸಿಕ್ಕರೆ ಸಾಕು.

ನಾನು ನೋಡೋದು ಕಬ್ಬಿಣಾಂಶ. ಕಾಳು, ಸೊಪ್ಪಿನಲ್ಲಿರೋ ಕಬ್ಬಿಣ ದೇಹಕ್ಕೆ ಸುಲಭಕ್ಕೆ ಒಗ್ಗಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತೆ. ಹಾಗಾಗಿ ಬಡಿಸುವಾಗ ಮೇಲೆ ನಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಅಲ್ಲೇ ನಷ್ಟ. ಊಟದ ಜೊತೆಗೇ ಚಹಾ ಕುಡಿಯೋರು ಒಂದು ಗಂಟೆ ತಡೀರಿ, ಅದರಲ್ಲಿರೋ ಟ್ಯಾನಿನ್ ಅನ್ನೋ ಒಗರಿನ ಅಂಶ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಮೊಟ್ಟೆ, ಹಾಲು, ಮಾಂಸ ಯಾವುದೂ ಮುಟ್ಟದವರ ಮನೆಯಲ್ಲಿ ಬಿ12 ಜೀವಸತ್ವಕ್ಕೆ ಬೇರೆ ದಾರಿ ನೋಡಲೇಬೇಕು, ಗಿಡದ ಆಹಾರದಲ್ಲಿ ಅದು ನಂಬೋ ಹಾಗೆ ಸಿಗಲ್ಲ.

ತರಕಾರಿ-ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ. ತೂಗ್ತಾ ಕೂರೋಕಾಗಲ್ಲ, ತಟ್ಟೆಯ ಅರ್ಧ ಬಣ್ಣಬಣ್ಣವಾಗಿದ್ದರೆ ಆಯ್ತು ಅಂದ್ಕೊಳ್ಳಿ. ಉಪ್ಪು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು, ಮಕ್ಕಳಿಗೆ ಇನ್ನೂ ಕಡಿಮೆ. ಮನೆ ಅಡುಗೆಯ ದೊಡ್ಡ ಲಾಭ ಇಲ್ಲೇ ಇದೆ, ಉಪ್ಪಿನ ಡಬ್ಬಿ ನಿಮ್ಮ ಕೈಯಲ್ಲಿರುತ್ತೆ.

ಫ್ರೀಜರ್ ಬಟಾಣಿ, ಬೀನ್ಸ್ ತರೋಕೆ ನಾಚಿಕೆ ಪಡಬೇಡಿ. ಕಿತ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸಿರ್ತಾರೆ. ವಾರದಿಂದ ತಳದಲ್ಲಿ ಬಾಡಿದ "ತಾಜಾ" ತರಕಾರಿಗಿಂತ ಎಷ್ಟೋ ವಾಸಿ.

ಮೂರು ವಿಷಲ್ · ಭಾನುವಾರ ರಾತ್ರಿ 9:50

ಎಲ್ಲರೂ ಕಾಳು ಕಾಳು ಅಂತಿದ್ದೀರಿ, ನೆನೆಸೋದೇ ಮರೆಯೋರ ಗತಿ ಏನು? ಕೆಂಪು ಮಸೂರ್ ಬೇಳೆ ಇಟ್ಕೊಳ್ಳಿ. ನೆನೆಸೋದು ಬೇಡ, ಕುಕ್ಕರ್ ಬೇಡ, 20 ನಿಮಿಷದೊಳಗೆ ತಾನೇ ಕರಗಿ ಗಟ್ಟಿ ಸೂಪ್ ಆಗುತ್ತೆ. ಅದಕ್ಕೇ ಒಂದು ಹಿಡಿ ಸೊಪ್ಪು, ಫ್ರೀಜರ್ ತರಕಾರಿ. ನನ್ನ ಪಾಲಿಗೆ ಅದು ಸೋತ ದಿನದ ಊಟ.

ರಾತ್ರಿಪಾಳಿ · ಸೋಮವಾರ ಬೆಳಗ್ಗೆ 7:15

ಏಳರ ಗಾಡಿಯವರೇ, ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. ಅಡುಗೆ ಬರಲ್ಲ ಅಂತೇನಿಲ್ಲ, ಫ್ರಿಜ್ ಮುಂದೆ ನಿಂತರೆ ಏನೂ ಹೊಳೆಯಲ್ಲ ಅಂತ ಬರೆದಿದ್ದೀರಿ. ಇಲ್ಲಿ ಎಲ್ಲರೂ ಬೇಯಿಸೋದು ಹೇಳಿಕೊಡ್ತಿದ್ದಾರೆ. ನಿಮ್ಮನ್ನ ಕಾಡ್ತಿರೋದು ಯೋಚಿಸೋದು.

ನಮ್ಮನೆಯಲ್ಲಿ ಹತ್ತು ವರ್ಷ ಇವತ್ತೇನು ಅಡುಗೆ ಅನ್ನೋ ಪ್ರಶ್ನೆ ನನ್ನೊಬ್ಬಳ ತಲೆಯಲ್ಲಿತ್ತು. ಗಂಡ ಒಳ್ಳೆಯವರು, ಹೇಳಿದ್ದೆಲ್ಲ ಮಾಡ್ತಿದ್ದರು. ಹೇಳಬೇಕಿತ್ತು ಅಷ್ಟೆ. ಹೆಚ್ಚೋದು ಏನು, ಯಾವ ತರಕಾರಿ ಮೊದಲು ಕೆಡುತ್ತೆ, ಎಣ್ಣೆ ಮುಗೀತಾ, ಎಲ್ಲ ನನ್ನ ಲೆಕ್ಕ. ಪಾಳಿ ಕೆಲಸಕ್ಕೆ ಸೇರಿದ ಮೇಲೆ ಒಂದು ಸಂಜೆ ಕೆಲಸದ ಮಧ್ಯೆ ಅವರ ಫೋನ್ ಬಂತು, "ಏನು ಮಾಡ್ಲಿ?" ಅಂತ. ಅವತ್ತು ನಾನು ಅತ್ತುಬಿಟ್ಟೆ. ಅನ್ನ ಮಾಡೋದಕ್ಕಿಂತ ಆ ಪ್ರಶ್ನೆಗೆ ಉತ್ತರ ಹೇಳೋದೇ ಭಾರ ಆಗಿತ್ತು.

ಆಮೇಲೆ ವಾರದ ದಿನಗಳಿಗೆ ಹೆಸರು ಕೊಟ್ಟೆವು. ಸೋಮವಾರ ಕಾಳು, ಮಂಗಳವಾರ ಮೊಟ್ಟೆ, ಬುಧವಾರ ಬೇಳೆ-ಸೊಪ್ಪು, ಗುರುವಾರ ಒಂದೇ ಪಾತ್ರೆಯ ಅನ್ನ, ಶುಕ್ರವಾರ ಡಬ್ಬ ಖಾಲಿ ಮಾಡೋ ದಿನ. ಯಾವ ಕಾಳು, ಯಾವ ಸೊಪ್ಪು ಅನ್ನೋದು ಮನೆಯಲ್ಲಿ ಏನಿದೆಯೋ ಅದರ ಮೇಲೆ. ಮಂಗಳವಾರ ಮನೆಗೆ ಯಾರು ಮೊದಲು ಬಂದರೂ ಮೊಟ್ಟೆ ಒಡೀತಾರೆ, ಯಾರನ್ನೂ ಕೇಳೋದಿಲ್ಲ. ಬೇಸರ ಬರಲ್ವಾ ಅಂತಾರೆ. ಬರುತ್ತೆ. ಆ ಫೋನ್ ಬರೋದಕ್ಕಿಂತ ಈ ಬೇಸರ ವಾಸಿ.

ಏಳರ ಗಾಡಿ · ಸೋಮವಾರ ಬೆಳಗ್ಗೆ 8:40

ಗಾಡಿಯಲ್ಲಿ ಕೂತು ಇದನ್ನ ಎರಡು ಸಲ ಓದಿದೆ. ನನ್ನ ಹೆಂಡತಿಗೂ ಕಳಿಸಿದೆ. "ಹತ್ತು ವರ್ಷ ಕಾಯಬೇಡ" ಅಂತಷ್ಟೇ ಉತ್ತರ ಬಂತು.

ಪುಟ್ಟನ ಅಮ್ಮ · ಸೋಮವಾರ ಮಧ್ಯಾಹ್ನ 1:20

ಇಷ್ಟೆಲ್ಲ ಮಾಡಿಟ್ಟರೂ ಮಕ್ಕಳು ತಿನ್ನಬೇಕಲ್ಲ! ನನ್ನ ಮಗ ಹಸಿರು ಬಣ್ಣ ಕಂಡರೆ ತಟ್ಟೆ ತಳ್ತಾನೆ. ದಿನಾ "ಏನು ಬೇಕು ಕಂದಾ?" ಅಂತ ಕೇಳಿ ಕೇಳಿ ಸಾಕಾಗಿದೆ.

ತಟ್ಟೆ ಲೆಕ್ಕ · ಸೋಮವಾರ ಮಧ್ಯಾಹ್ನ 2:05

ಕೋಳಿ ಕೇಳಿ ಖಾರ ಅರೆಯೋ ಕೆಲಸ ಅದು 😀

ಎಲಿನ್ ಸ್ಯಾಟರ್ ಅನ್ನೋ ಆಹಾರ ತಜ್ಞೆ ಹೇಳಿದ ಒಂದು ಕೆಲಸ ಹಂಚಿಕೆ ಇದೆ. ಏನು, ಯಾವಾಗ, ಎಲ್ಲಿ ಅನ್ನೋದು ಹೆತ್ತವರ ತೀರ್ಮಾನ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ತೀರ್ಮಾನ. ಅವನಿಗೆ ಒಗ್ಗೋದು ಒಂದಾದರೂ ತಟ್ಟೆಯಲ್ಲಿರಲಿ, ಪಕ್ಕದಲ್ಲಿ ಎರಡೇ ಎರಡು ತುಂಡು ಹಸಿರು. ತಿನ್ನು ಅನ್ನಬೇಡಿ, ತಿಂದರೆ ಸಿಹಿ ಕೊಡ್ತೀನಿ ಅಂತಲೂ ಅನ್ನಬೇಡಿ, ಅದು ಸಿಹಿಯ ಬೆಲೆ ಏರಿಸುತ್ತೆ ಅಷ್ಟೆ. ಹೊಸ ರುಚಿ ಒಗ್ಗೋಕೆ ಎಂಟು-ಹತ್ತು ಸಲ ಎದುರಿಗೆ ಬರಬೇಕಾಗುತ್ತೆ, ಕೆಲವು ಮಕ್ಕಳಿಗೆ ಅದಕ್ಕೂ ಜಾಸ್ತಿ. ನಾವು ಮೂರನೇ ಸಲಕ್ಕೇ "ಇವನಿಗೆ ಸೇರಲ್ಲ" ಅಂತ ಬರೆದುಬಿಡ್ತೀವಿ.

ನಾಲ್ಕು ವರ್ಷದವರ ಮನೆಯಲ್ಲಿ ಇಡೀ ಬಾದಾಮಿ, ಕಡಲೆಬೀಜ ಕೊಡಬೇಡಿ, ಉಸಿರುನಾಳಕ್ಕೆ ಹೋಗುತ್ತೆ. ಪುಡಿ ಮಾಡಿ ಉದುರಿಸಿ. ದ್ರಾಕ್ಷಿಯನ್ನ ಉದ್ದಕ್ಕೆ ಸೀಳಿ ಕೊಡಿ.

ಸೌಟು ಹಿಡಿದವ · ಸೋಮವಾರ ಸಂಜೆ 6:30

ನಮ್ಮ ದೊಡ್ಡವನಿಗೆ ಕ್ಯಾರೆಟ್ ತುರಿಯೋ ಕೆಲಸ ಕೊಟ್ಟೆ. ಅಡುಗೆಮನೆ ತುಂಬ ಕಿತ್ತಳೆ ಬಣ್ಣ, ಗುಡಿಸೋಕೆ ಹತ್ತು ನಿಮಿಷ. ಆದರೆ ತಾನು ತುರಿದದ್ದು ಅಂತ ತಿಂದ.

ಏಳರ ಗಾಡಿ · ಗುರುವಾರ ರಾತ್ರಿ 9:15 (ಎರಡು ವಾರದ ನಂತರ)

ನೀವೆಲ್ಲ ಹೇಳಿದ್ದನ್ನ ಮಾಡಿ ನೋಡಿದೆ, ವರದಿ ಒಪ್ಪಿಸ್ತೀನಿ.

ಮೊದಲ ವಾರ ಭಾನುವಾರದ ಕೆಲಸ ಒಂದು ಗಂಟೆ ಅಲ್ಲ, ಎರಡೂಕಾಲು ಗಂಟೆ ಹಿಡಿಯಿತು. ಹೆಚ್ಚಿಟ್ಟ ಟೊಮೆಟೊ ನೀರಾಯ್ತು, ಇನ್ನು ಅದನ್ನ ಹೆಚ್ಚಿಡಲ್ಲ. ಕ್ಯಾರೆಟ್, ಎಲೆಕೋಸು, ಬೀನ್ಸ್ ಚೆನ್ನಾಗಿದ್ದವು. ಸೊಪ್ಪು ತೊಳೆದು ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದು ಬುಧವಾರದವರೆಗೂ ಬಂತು. ಒದ್ದೆಯಾಗಿಟ್ಟ ಕಟ್ಟು ಮಂಗಳವಾರವೇ ಕೊಳೆತಿತ್ತು. ಎರಡನೇ ವಾರ ಒಂದೂಕಾಲು ಗಂಟೆಯಲ್ಲಿ ಮುಗಿಯಿತು.

ದಿನಗಳ ಹೆಸರು ಬರೆದ ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀವಿ. ಅದನ್ನ ಬರೆದದ್ದು ದೊಡ್ಡವಳು, ಹಾಗಾಗಿ ಶುಕ್ರವಾರಕ್ಕೆ "ಅಪ್ಪನ ಪ್ರಯೋಗ" ಅಂತ ಹೆಸರು. ಈ ಎರಡು ವಾರದಲ್ಲಿ ಹೊರಗಿಂದ ತರಿಸಿದ್ದು ಮೂರು ದಿನ. ಅದರಲ್ಲಿ ಒಂದು ದಿನ ಮಸೂರ್ ಬೇಳೆ ಇತ್ತು, ಸಮಯವೂ ಇತ್ತು, ಸುಮ್ಮನೆ ಸೋಮಾರಿತನ.

ಪಾತ್ರೆ ಸಮಸ್ಯೆ ಹಾಗೇ ಇದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಚಿಕ್ಕವನು ಇವತ್ತು ಬೀನ್ಸ್ ಒಂದು ತುಂಡು ಬಾಯಿಗೆ ಹಾಕಿ, ಎರಡು ಸಲ ಅಗಿದು, ತೆಗೆದು ತಟ್ಟೆ ಅಂಚಿಗಿಟ್ಟ. ಇದು ನಾಲ್ಕನೇ ಸಲ.

ಪುಟ್ಟನ ಅಮ್ಮ · ಗುರುವಾರ ರಾತ್ರಿ 9:22

ಅಗಿದನಾ? ನಮ್ಮವನು ಆರನೇ ಸಲಕ್ಕೂ ಬರೀ ಮೂಸಿ ನೋಡಿದ.